ಹಿಂಸೆ ಕಂಡ ಊರಿನ ಜೊತೆ ನಿಲ್ಲುವುದು ಹೇಗೆ: ಮೊದಲ ಗಂಟೆಯಿಂದ ಎರಡನೇ ವರ್ಷದವರೆಗೆ ಒಂದು ಸಮಗ್ರ ಮಾರ್ಗದರ್ಶಿ

ಶಾಲೆಯೊಳಗೆ ಗುಂಡಿನ ದಾಳಿ, ಸಂತೆಯಲ್ಲಿ ಬಾಂಬು, ಪ್ರಾರ್ಥನೆಗೆ ಸೇರಿದವರ ಮೇಲೆ ಹಲ್ಲೆ, ಬೀದಿಗೆ ಬೀದಿಯೇ ಹೊತ್ತಿಕೊಳ್ಳುವ ಗಲಭೆ. ಇವು ಪ್ರವಾಹ, ಭೂಕಂಪಗಳ ಹಾಗಲ್ಲ. ನೆರೆ ಬಂದಾಗ ಜನ ಒಬ್ಬರ ಕೈ ಒಬ್ಬರು ಹಿಡಿಯುತ್ತಾರೆ. ಮನುಷ್ಯನೇ ಬೇಕೆಂದು ಕೊಂದಾಗ ಪಕ್ಕದವನ ಕೈ ಹಿಡಿಯಲೂ ಭಯವಾಗುತ್ತದೆ. ಸತ್ತವರನ್ನು ಕಳೆದುಕೊಂಡದ್ದಲ್ಲದೆ, ದಿನವೂ ಓಡಾಡಿದ ದಾರಿಯ ಮೇಲಿದ್ದ ನಂಬಿಕೆಯನ್ನೂ ಊರು ಕಳೆದುಕೊಂಡಿರುತ್ತದೆ.

ಈ ಬರಹ ಮನೋವೈದ್ಯರಿಗಲ್ಲ. ಶಿಕ್ಷಕರು, ಊರಿನ ಹಿರಿಯರು, ಆರೋಗ್ಯ ಕಾರ್ಯಕರ್ತರು, ಚುನಾಯಿತ ಸದಸ್ಯರು, ಯುವಕ ಸಂಘದವರು, "ಏನಾದರೂ ಮಾಡಬೇಕು, ಆದರೆ ಏನು ಮಾಡುವುದು?" ಎಂದು ಚಡಪಡಿಸುವ ನೆರೆಹೊರೆಯವರು, ಇವರಿಗಾಗಿ. ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದಿನ ಎಲ್ಲ ಹೆಜ್ಜೆಗಳೂ ಅದರ ಮೇಲೆಯೇ ನಿಂತಿವೆ. ಹಿಂಸೆ ಜನರಿಂದ ಕಿತ್ತುಕೊಳ್ಳುವುದು ಅವರ ಬದುಕಿನ ಮೇಲೆ ಅವರಿಗಿದ್ದ ಹಿಡಿತವನ್ನು. ನೀವು ಮಾಡುವ ಪ್ರತಿ ಕೆಲಸವೂ ಆ ಹಿಡಿತವನ್ನು ಸ್ವಲ್ಪವಾದರೂ ಅವರಿಗೆ ಮರಳಿಸಬೇಕು. ಒಳ್ಳೆಯ ಮನಸ್ಸಿನಿಂದ ಬಂದು ಎಲ್ಲವನ್ನೂ ತಾವೇ ನಿರ್ಧರಿಸಿ ಹೋಗುವವರು ಆ ಗಾಯವನ್ನು ಮತ್ತೆ ಕೆದಕುತ್ತಾರೆ.

ಹೆಜ್ಜೆ 1: ನೊಂದವರು ಯಾರು ಎಂದು ಪಟ್ಟಿ ಮಾಡಿ

ಗಾಯಗೊಂಡವರು, ಸತ್ತವರ ಮನೆಯವರು, ಇವರ ಹೆಸರು ಎಲ್ಲರಿಗೂ ಹೊಳೆಯುತ್ತದೆ. ಅಲ್ಲಿಗೇ ನಿಲ್ಲಬೇಡಿ. ಒಂದು ದೊಡ್ಡ ಹಾಳೆ ತೆಗೆದುಕೊಂಡು ಒಂದರ ಹೊರಗೊಂದು ವೃತ್ತ ಬರೆಯಿರಿ. ಒಳಗಿನ ವೃತ್ತದಲ್ಲಿ ಮನೆಯವರು, ಬದುಕುಳಿದವರು. ಅದರಾಚೆ ಕಣ್ಣಾರೆ ಕಂಡವರು, ರಕ್ಷಣೆಗೆ ಓಡಿದವರು, ಆಂಬುಲೆನ್ಸ್ ಚಾಲಕರು, ದಾದಿಯರು, ಶವಾಗಾರದ ಸಿಬ್ಬಂದಿ, ನೆಲದ ಮೇಲಿನ ರಕ್ತ ತೊಳೆದವರು. ಈ ಕೊನೆಯವರನ್ನು ಯಾರೂ ನೆನೆಯುವುದಿಲ್ಲ. ಅವರಿಗೆ ಕೌನ್ಸೆಲಿಂಗ್ ಬೇಕೇ ಎಂದು ಕೇಳುವುದಿರಲಿ, ಒಂದು ದಿನದ ರಜೆಯನ್ನೂ ಕೊಡುವುದಿಲ್ಲ.

ಅದರಾಚೆಗೂ ಜನರಿದ್ದಾರೆ. ಅಂದು ಅಲ್ಲಿರಬೇಕಾಗಿದ್ದು, ಬಸ್ಸು ತಪ್ಪಿ ಉಳಿದುಕೊಂಡವರು. "ನನ್ನ ಬದಲು ಅವಳು ಹೋದಳು" ಎಂಬ ಕೊರಗು ಇವರನ್ನು ಒಳಗೇ ತಿನ್ನುತ್ತದೆ. ಹಿಂದೆ ಎಂದೋ ಬೇರೆ ಹಿಂಸೆಯನ್ನು ಕಂಡವರು. ಹಳೆಯ ಗಾಯ ಇವರಲ್ಲಿ ಮತ್ತೆ ಬಾಯಿಬಿಡುತ್ತದೆ. ದಾಳಿಕೋರನ ಧರ್ಮ, ಭಾಷೆ ಅಥವಾ ಜಾತಿಗೆ ಸೇರಿದ ಒಂದೇ ಕಾರಣಕ್ಕೆ ಮರುದಿನದಿಂದ ಬೆದರಿಕೆ ಎದುರಿಸುವವರು. ಕೊನೆಗೆ ದಾಳಿಕೋರನ ಮನೆಯವರು. ಅವನ ತಾಯಿಯೂ ಮಗನನ್ನು ಕಳೆದುಕೊಂಡವಳೇ, ಆದರೆ ಅಳಲು ಅವಳಿಗೆ ಜಾಗವಿಲ್ಲ. ಅವರನ್ನು ಪಟ್ಟಿಯಲ್ಲಿ ಸೇರಿಸುವುದು ಸುಲಭದ ಮಾತಲ್ಲ. ಸೇರಿಸಲೇಬೇಕು ಎಂಬುದು ನನ್ನ ಅಭಿಪ್ರಾಯ.

ಹೆಜ್ಜೆ 2: ಮೊದಲ ದಿನಗಳಲ್ಲಿ ಸುರಕ್ಷತೆ ಮತ್ತು ನಿಜವಾದ ಮಾಹಿತಿ

ಸಾಮೂಹಿಕ ಆಘಾತದ ನಂತರ ಜನರಿಗೆ ಏನು ನೆರವಾಗುತ್ತದೆ ಎಂಬ ಬಗ್ಗೆ 2007ರಲ್ಲಿ ಹಲವು ದೇಶಗಳ ತಜ್ಞರು ಸೇರಿ ಐದು ಅಂಶಗಳನ್ನು ಗುರುತಿಸಿದರು: ಸುರಕ್ಷಿತರಾಗಿದ್ದೇವೆ ಎಂಬ ಭಾವನೆ, ಮನಸ್ಸು ತಿಳಿಯಾಗುವುದು, ನಮ್ಮ ಕೈಲಾಗುತ್ತದೆ ಎಂಬ ಧೈರ್ಯ, ಜನರ ನಂಟು, ಭರವಸೆ. ಇವನ್ನು ಗೋಡೆಗೆ ಬರೆದು ಹಾಕಿಕೊಳ್ಳಿ. ಯಾವುದೇ ಕೆಲಸಕ್ಕೆ ಕೈಹಾಕುವ ಮುನ್ನ "ಇದು ಈ ಐದರಲ್ಲಿ ಯಾವುದಕ್ಕೆ ನೆರವಾಗುತ್ತದೆ?" ಎಂದು ಕೇಳಿಕೊಳ್ಳಿ.

ಮನೆಯವರಿಗಾಗಿ ಒಂದೇ ಜಾಗ ಗೊತ್ತುಮಾಡಿ. ಕ್ಯಾಮೆರಾಗಳಿಂದ ದೂರವಿರಲಿ, ಒಳಬರಲು ಬೇರೆ ಬಾಗಿಲಿರಲಿ. ಕುಡಿಯುವ ನೀರು, ಫೋನ್ ಚಾರ್ಜರ್, ಶೌಚಾಲಯ, ಮಕ್ಕಳಿಗೊಂದು ಮೂಲೆ, ಅವರ ಭಾಷೆ ಬಲ್ಲ ಒಬ್ಬರು. ಚಿಕ್ಕ ವಿಷಯಗಳಂತೆ ಕಾಣುತ್ತವೆ, ಆದರೆ ನಡುಗುವ ಕೈಗೆ ಮೊದಲು ಬೇಕಾಗುವುದು ಇವೇ.

ಮಾಹಿತಿ ಕೊಡಲು ಸಮಯ ನಿಗದಿ ಮಾಡಿ. ಎರಡು ಗಂಟೆಗೊಮ್ಮೆ ಬಂದು ಹೇಳುತ್ತೇವೆ ಎಂದರೆ ಎರಡು ಗಂಟೆಗೆ ಬರಲೇಬೇಕು, ಹೇಳಲು ಹೊಸತೇನೂ ಇಲ್ಲದಿದ್ದರೂ. "ಈವರೆಗೆ ಖಚಿತವಾದದ್ದು ಇಷ್ಟು, ಇನ್ನೂ ಗೊತ್ತಾಗದಿರುವುದು ಇಷ್ಟು, ಮುಂದಿನ ಸಲ ಬರುವುದು ಇಷ್ಟು ಹೊತ್ತಿಗೆ." ಈ ಮೂರು ಸಾಲು ಸಾಕು. ಅಧಿಕೃತ ಮಾತು ನಿಂತಲ್ಲಿ ಗಾಳಿಸುದ್ದಿ ಶುರುವಾಗುತ್ತದೆ. ಗುಂಪುಗಳ ನಡುವಿನ ಗಲಭೆಯಲ್ಲಂತೂ ಒಂದು ಸುಳ್ಳು ವಾಟ್ಸಾಪ್ ಸಂದೇಶ ಇನ್ನೊಂದು ಬೀದಿಯನ್ನು ಸುಡಬಲ್ಲದು.

ಸಾವಿನ ಸುದ್ದಿ ತಿಳಿಸುವ ಹೊಣೆ ನಿಮ್ಮ ಮೇಲೆ ಬಂದರೆ ಇಬ್ಬರು ಹೋಗಿ. ಕುಳಿತು ಮಾತಾಡಿ. ಹೆಸರು ಹಿಡಿದು, "ತೀರಿಕೊಂಡಿದ್ದಾರೆ" ಎಂದು ನೇರವಾಗಿ ಹೇಳಿ. ಸುತ್ತಿ ಬಳಸಿದರೆ ಕೇಳುವವರ ಮನಸ್ಸು ಆಸೆಯ ಎಳೆಯೊಂದನ್ನು ಹಿಡಿದುಕೊಂಡುಬಿಡುತ್ತದೆ, ಆಮೇಲೆ ಅದನ್ನು ಎರಡನೇ ಸಲ ಕತ್ತರಿಸಬೇಕಾಗುತ್ತದೆ. ಹೇಳಿದ ಮೇಲೆ ಸುಮ್ಮನಿರಿ. ಅವರು ಚೀರಬಹುದು, ನಿಮ್ಮ ಮೇಲೆ ಸಿಟ್ಟಾಗಬಹುದು, ಕಲ್ಲಿನಂತೆ ಕೂತುಬಿಡಬಹುದು. ಎದ್ದು ಹೋಗಬೇಡಿ.

ಹೆಜ್ಜೆ 3: ಬಾಯಿ ಬಿಡಿಸಬೇಡಿ, ಕಿವಿ ಕೊಡಿ

ಇಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ಅತಿ ಹೆಚ್ಚು ತಪ್ಪುಗಳಾಗುವುದು ಇಲ್ಲೇ. "ಎಲ್ಲವನ್ನೂ ಹೇಳಿಕೊಂಡುಬಿಟ್ಟರೆ ಮನಸ್ಸು ಹಗುರವಾಗುತ್ತದೆ" ಎಂಬ ನಂಬಿಕೆ ಆಳವಾಗಿ ಬೇರೂರಿದೆ. 1983ರಲ್ಲಿ ಅಮೆರಿಕದ ಜೆಫ್ರಿ ಮಿಚೆಲ್ ತುರ್ತು ಸೇವೆಯ ಸಿಬ್ಬಂದಿಗೆಂದು ಡಿಬ್ರೀಫಿಂಗ್ ಎಂಬ ವಿಧಾನವನ್ನು ರೂಪಿಸಿದರು. ಘಟನೆಯಾದ ಕೆಲವೇ ದಿನಗಳಲ್ಲಿ ಜನರನ್ನು ಗುಂಪಾಗಿ ಕೂರಿಸಿ ಏನಾಯಿತು, ಏನನಿಸಿತು ಎಂದು ಒಂದೊಂದಾಗಿ ಹೇಳಿಸುವ ಕ್ರಮವದು. ಬೇಗನೆ ಜಗತ್ತಿನೆಲ್ಲೆಡೆ ಹರಡಿತು, ತುರ್ತು ಸಿಬ್ಬಂದಿಯನ್ನು ದಾಟಿ ಸಾಮಾನ್ಯ ಸಂತ್ರಸ್ತರಿಗೂ ಬಂತು. ಆಮೇಲೆ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಚಿಕಿತ್ಸೆಗಳ ಬಗೆಗಿನ ಸಂಶೋಧನೆಗಳನ್ನು ತೂಗಿನೋಡುವ ಕಾಕ್ರೇನ್ ಎಂಬ ಜಾಲದ 2002ರ ಪರಾಮರ್ಶೆಗೆ ಕಂಡದ್ದು ಬೇರೆಯೇ: ಒಂದೇ ಸಲ ಕೂರಿಸಿ ಮಾಡುವ ಇಂಥ ಡಿಬ್ರೀಫಿಂಗ್ ಮುಂದಿನ ಮಾನಸಿಕ ತೊಂದರೆಯನ್ನು ತಡೆಯುವುದಿಲ್ಲ, ಕೆಲವರಿಗೆ ಹಾನಿಯನ್ನೂ ಮಾಡಬಹುದು. ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಬಳಸಬೇಡಿ ಎನ್ನುತ್ತದೆ. ಆದರೂ ಎಲ್ಲಾದರೂ ದುರಂತ ನಡೆದರೆ ಯಾರಾದರೊಬ್ಬರು ಮಕ್ಕಳನ್ನು ಸಾಲಾಗಿ ಕೂರಿಸಿ "ನೀನು ಏನು ನೋಡಿದೆ ಹೇಳು" ಎಂದು ಶುರುಮಾಡುತ್ತಾರೆ. ದಯವಿಟ್ಟು ಅದನ್ನು ತಡೆಯಿರಿ.

ಅದರ ಬದಲಿಗೆ ಇರುವುದು ಮಾನಸಿಕ ಪ್ರಥಮ ಚಿಕಿತ್ಸೆ. ಇದರ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ಕ್ಷೇತ್ರ ಕಾರ್ಯಕರ್ತರಿಗೆಂದೇ ಕೈಪಿಡಿ ತಂದಿದೆ. ಅದರ ತಿರುಳು ಮೂರು ಪದಗಳಲ್ಲಿದೆ: ನೋಡು, ಆಲಿಸು, ಜೋಡಿಸು.

ನೋಡು ಎಂದರೆ ಹತ್ತಿರ ಹೋಗುವ ಮೊದಲು ಜಾಗ ಸುರಕ್ಷಿತವೇ, ಯಾರಿಗೆ ತುರ್ತಾಗಿ ಏನು ಬೇಕು ಎಂದು ಗಮನಿಸುವುದು. ಆಲಿಸು ಎಂದರೆ ನಿಮ್ಮ ಹೆಸರು ಹೇಳಿ, ಪಕ್ಕದಲ್ಲಿ ಕೂರಬಹುದೇ ಎಂದು ಕೇಳಿ, "ಈಗ ನಿಮಗೆ ಏನು ಬೇಕು?" ಎಂದು ವಿಚಾರಿಸುವುದು. ಅವರು ಘಟನೆಯ ಬಗ್ಗೆ ಹೇಳಿದರೆ ಕೇಳಿ, ಹೇಳದಿದ್ದರೆ ಅದೂ ಸರಿಯೇ. ಜೋಡಿಸು ಎಂದರೆ ಮನೆಯವರಿಗೆ ಫೋನು ಮಾಡಿಸುವುದು, ಆಸ್ಪತ್ರೆಯಲ್ಲಿ ಯಾರನ್ನು ಕಾಣಬೇಕೆಂದು ತಿಳಿಸುವುದು, ಮನೆ ತಲುಪಿಸುವುದು. ಮುಕ್ಕಾಲು ಪಾಲು ಕೆಲಸ ಇಂಥದ್ದೇ.

ಬಾಯಿಗೆ ಬರುವ ಕೆಲವು ಮಾತುಗಳನ್ನು ನುಂಗಿಕೊಳ್ಳಿ. "ಸದ್ಯ ನೀವಾದರೂ ಉಳಿದಿರಲ್ಲ", "ದೇವರ ಇಚ್ಛೆ", "ಧೈರ್ಯವಾಗಿರಿ, ಅಳಬೇಡಿ", "ನಿಮ್ಮ ಕಷ್ಟ ನನಗೆ ಅರ್ಥವಾಗುತ್ತದೆ". ದೇವರ ಮಾತು ಅವರಾಗಿಯೇ ತೆಗೆದರೆ ಬೇರೆ. ಆಗ ಅವರ ನಂಬಿಕೆಯ ಜೊತೆ ನಿಲ್ಲಿ. ನೀವಾಗಿ ಹೇಳಬಹುದಾದದ್ದು ಇಷ್ಟೇ: "ಹೀಗೆ ಆಗಬಾರದಿತ್ತು. ನಾನು ಇಲ್ಲೇ ಇದ್ದೇನೆ. ಆತುರವೇನೂ ಇಲ್ಲ."

ನಿದ್ದೆ ಬರಲಿ ಎಂದು ಯಾರದೋ ಮಾತ್ರೆ ತಂದುಕೊಡುವುದೂ ಬೇಡ. ಬೆಂಜೊಡಯಜೆಪಿನ್ ಗುಂಪಿನ ನಿದ್ದೆ ಮಾತ್ರೆಗಳನ್ನು ಆಘಾತದ ಮೊದಲ ತಿಂಗಳಲ್ಲಿ ಈ ಲಕ್ಷಣಗಳಿಗೆಂದು ಕೊಡಬಾರದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ 2013ರ ಸಲಹೆ.

ಹೆಜ್ಜೆ 4: ಪರದೆ ಆರಿಸಿ

2013ರಲ್ಲಿ ಅಮೆರಿಕದ ಬಾಸ್ಟನ್ ಮ್ಯಾರಥಾನ್ ಓಟದಲ್ಲಾದ ಬಾಂಬ್ ಸ್ಫೋಟದ ನಂತರ ನಡೆದ ಅಧ್ಯಯನವೊಂದು ಎಲ್ಲರನ್ನೂ ಬೆಚ್ಚಿಬೀಳಿಸಿತು. ಸ್ಫೋಟದ ನಂತರದ ವಾರದಲ್ಲಿ ದಿನಕ್ಕೆ ಆರು ಗಂಟೆ ಅಥವಾ ಅದಕ್ಕೂ ಹೆಚ್ಚು ಹೊತ್ತು ಆ ಸುದ್ದಿಯನ್ನೇ ನೋಡುತ್ತಿದ್ದವರಲ್ಲಿ, ಸ್ಥಳದಲ್ಲಿದ್ದವರಿಗಿಂತಲೂ ಹೆಚ್ಚು ತೀವ್ರವಾದ ಒತ್ತಡದ ಲಕ್ಷಣಗಳು ಕಂಡುಬಂದವು. ಮನೆಮನೆಗೂ ತಲುಪಿಸಬೇಕಾದ ವಿಷಯವಿದು. ದಿನಕ್ಕೆ ಒಂದೆರಡು ಸಲ, ನಂಬಬಹುದಾದ ಒಂದು ಕಡೆಯಿಂದ ಸುದ್ದಿ ತಿಳಿದುಕೊಂಡರೆ ಸಾಕು. ಮಕ್ಕಳಿರುವ ಕೋಣೆಯಲ್ಲಿ ಆ ದೃಶ್ಯಗಳು ಓಡಬಾರದು. ಚಿಕ್ಕ ಮಕ್ಕಳಿಗೆ ಒಂದೇ ದೃಶ್ಯ ಹತ್ತು ಸಲ ಬಂದರೆ ಹತ್ತು ಸಲ ದಾಳಿಯಾಯಿತೆಂದೇ ಅನ್ನಿಸಬಹುದು. ಊರಿನ ಗುಂಪುಗಳಲ್ಲಿ ಶವದ ಚಿತ್ರ, ವಿಡಿಯೊ ಹಂಚಬೇಡಿ ಎಂದು ಅಡ್ಮಿನ್‌ಗಳಿಂದಲೇ ಹೇಳಿಸಿ.

ದಾಳಿಕೋರನ ಹೆಸರು, ಮುಖ, ಅವನು ಬರೆದದ್ದು, ಇವನ್ನೂ ಹರಡಬೇಡಿ. 2019ರ ಮಾರ್ಚ್ 15ರಂದು ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್‌ನ ಎರಡು ಮಸೀದಿಗಳ ಮೇಲೆ ನಡೆದ ದಾಳಿಯಲ್ಲಿ 51 ಮಂದಿ ಸತ್ತರು. ಪ್ರಧಾನಿ ಜಸಿಂಡಾ ಆರ್ಡರ್ನ್ ಸಂಸತ್ತಿನಲ್ಲಿ ನಿಂತು, ಆ ವ್ಯಕ್ತಿಯ ಹೆಸರನ್ನು ತಾನು ಎಂದೂ ಉಚ್ಚರಿಸುವುದಿಲ್ಲ, ಕಳೆದುಹೋದವರ ಹೆಸರು ಹೇಳಿ ಎಂದು ಕೇಳಿಕೊಂಡರು. ಆ ನಿಲುವು ಊರಿನ ಸಭೆಯಿಂದ ಹಿಡಿದು ಶಾಲೆಯ ತರಗತಿಯವರೆಗೆ ಎಲ್ಲರೂ ಅನುಸರಿಸಬಹುದಾದದ್ದು.

ಹೆಜ್ಜೆ 5: ಮಕ್ಕಳ ದಿನಚರಿ ಮರಳಿಸಿ

ಮಕ್ಕಳಿಗೆ ಸುಳ್ಳು ಹೇಳಬೇಡಿ, ವಿವರವನ್ನೂ ತುಂಬಬೇಡಿ. "ನಿನಗೆ ಏನು ಗೊತ್ತು?" ಎಂದು ಮೊದಲು ಕೇಳಿ, ತಪ್ಪು ತಿಳಿದುಕೊಂಡಿದ್ದರೆ ತಿದ್ದಿ, ಕೇಳಿದಷ್ಟಕ್ಕೆ ಉತ್ತರಿಸಿ. ಸತ್ತವರು "ಮಲಗಿದ್ದಾರೆ" ಎಂದರೆ ಮಗು ರಾತ್ರಿ ಮಲಗಲು ಹೆದರುತ್ತದೆ. ಹಾಸಿಗೆ ಒದ್ದೆ ಮಾಡುವುದು, ಅಮ್ಮನ ಸೆರಗು ಬಿಡದಿರುವುದು, ಆಟದಲ್ಲಿ ಮತ್ತೆ ಮತ್ತೆ ಗುಂಡು ಹಾರಿಸುವುದು, ಹೊಟ್ಟೆನೋವು, ಸಿಡುಕು, ಇವೆಲ್ಲ ಮೊದಲ ವಾರಗಳಲ್ಲಿ ಸಹಜ. ಗದರಿಸಬೇಡಿ.

ಆದಷ್ಟು ಬೇಗ ಶಾಲೆ ತೆರೆಯಿರಿ. ಪಾಠ ಆಮೇಲಾಗಲಿ, ಗಂಟೆ ಹೊಡೆಯುವುದು, ಗೆಳೆಯರ ಪಕ್ಕ ಕೂರುವುದು, ಆಟದ ಪಿರಿಯಡ್ಡು ಮೊದಲು ಬರಲಿ. ದಾಳಿ ನಡೆದದ್ದೇ ಶಾಲೆಯಲ್ಲಾದರೆ ಬೇರೆ ಕಟ್ಟಡ ಹುಡುಕಿ, ಅಲಾರಂ ಸದ್ದು ಬದಲಿಸಿ, ಅಣಕು ತಾಲೀಮು ಇದ್ದರೆ ಹಿಂದಿನ ದಿನವೇ ತಿಳಿಸಿ. ಪಟಾಕಿ, ಬಲೂನು ಒಡೆಯುವ ಸದ್ದು, ಹೆಲಿಕಾಪ್ಟರ್, ಇವುಗಳ ಬಗ್ಗೆಯೂ ಮುಂಚೆಯೇ ಎಚ್ಚರಿಸಬೇಕಾಗುತ್ತದೆ. ಶಿಕ್ಷಕರೂ ನೊಂದವರೇ ಎಂಬುದನ್ನು ಮರೆಯದೆ, ಕೆಲವು ತಿಂಗಳ ಮಟ್ಟಿಗಾದರೂ ಹೆಚ್ಚುವರಿ ಕೈಗಳನ್ನು ಕೊಡಿ.

ಹೆಜ್ಜೆ 6: ಅವರು ಬರಲಿ ಎಂದು ಕಾಯದೆ ನೀವೇ ಹೋಗಿ

ಬೆಚ್ಚಿಬೀಳುವುದು, ಕೆಟ್ಟ ಕನಸು, ಎದೆ ಡವಗುಟ್ಟುವುದು, ಊಟ ಸೇರದಿರುವುದು, ಏನೂ ಅನ್ನಿಸದ ಮರಗಟ್ಟಿದ ಸ್ಥಿತಿ: ಬಹುತೇಕರಲ್ಲಿ ಇವು ವಾರಗಳು ಕಳೆದಂತೆ ತಾವಾಗಿಯೇ ತಗ್ಗುತ್ತವೆ. ಇದನ್ನು ಜನರಿಗೆ ಹೇಳಿ. "ನನಗೆ ಹುಚ್ಚು ಹಿಡಿಯುತ್ತಿದೆ" ಎಂದು ಒಳಗೊಳಗೇ ಹೆದರುವವರಿಗೆ ಈ ಒಂದು ಮಾತೇ ದೊಡ್ಡ ಆಸರೆ. ಒಂದು ತಿಂಗಳು ಕಳೆದರೂ ಇವು ಇಳಿಯದಿದ್ದರೆ, ಕೆಲಸ, ಮನೆ, ಸಂಬಂಧಗಳು ಹಾಳಾಗುತ್ತಿದ್ದರೆ, ಕುಡಿತ ಹೆಚ್ಚಿದರೆ ವೈದ್ಯರ ನೆರವು ಬೇಕು. ಆಘಾತಕ್ಕೆಂದೇ ರೂಪಿಸಿದ ಮಾತಿನ ಚಿಕಿತ್ಸೆಗಳು ಚೆನ್ನಾಗಿ ಕೆಲಸ ಮಾಡುತ್ತವೆ. ಸಾಯುವ ಮಾತು ಬಂದರೆ ಮಾತ್ರ ತಿಂಗಳು ಕಾಯುವ ಪ್ರಶ್ನೆಯಿಲ್ಲ. ಅವರನ್ನು ಒಂಟಿಯಾಗಿ ಬಿಡದೆ ಅಂದೇ ಕರೆದುಕೊಂಡು ಹೋಗಿ.

ತೊಂದರೆ ಎಂದರೆ, ನೆರವು ಬೇಕಾದವರೇ ನೆರವು ಕೇಳಿಕೊಂಡು ಬರುವುದಿಲ್ಲ. ಆಘಾತದ ಒಂದು ಗುಣವೇ ದೂರ ಸರಿಯುವುದು. 2011ರ ಜುಲೈ 22ರಂದು ನಾರ್ವೆಯ ಓಸ್ಲೊ ಮತ್ತು ಉಟೋಯಾ ದ್ವೀಪದಲ್ಲಿ 77 ಮಂದಿ ಹತ್ಯೆಯಾದಾಗ, ಬದುಕುಳಿದ ಹದಿಹರೆಯದವರು ದೇಶದ ಮೂಲೆಮೂಲೆಯವರಾಗಿದ್ದರು. ಅವರವರ ಊರಿನ ಆಡಳಿತವೇ ಸಂಪರ್ಕ ವ್ಯಕ್ತಿಯೊಬ್ಬರನ್ನು ನೇಮಿಸಿ, ತಾನಾಗಿ ಮುಂದೆ ಹೋಗಿ ಕನಿಷ್ಠ ಒಂದು ವರ್ಷ ವಿಚಾರಿಸುತ್ತಿರಬೇಕೆಂಬ ಕ್ರಮವನ್ನು ಅಲ್ಲಿ ಹಾಕಿಕೊಂಡರು. ನೀವೂ ಹಾಗೆಯೇ ಮಾಡಿ. ಪಟ್ಟಿಯಲ್ಲಿರುವ ಪ್ರತಿ ಮನೆಗೂ ಒಂದು ಪರಿಚಿತ ಮುಖ. ಮೊದಲ ಸಲ "ಬೇಡ" ಎಂದವರನ್ನು ಆರು ವಾರ ಬಿಟ್ಟು ಮತ್ತೆ ಕೇಳಿ, ಮೂರು ತಿಂಗಳಿಗೆ ಮತ್ತೊಮ್ಮೆ. ಅಂದು ಬೇಡವೆಂದವರು ಇಂದು ಬೇಕು ಎನ್ನಬಹುದು.

ತಜ್ಞರೇ ಇಲ್ಲದ ಕಡೆ? ಜಿಂಬಾಬ್ವೆಯಲ್ಲಿ 2005ರಲ್ಲಿ ಸರ್ಕಾರವೇ ಬಡವರ ಮನೆಗಳನ್ನು ನೆಲಸಮ ಮಾಡಿದಾಗ ಸುಮಾರು 7 ಲಕ್ಷ ಜನ ಮನೆ ಅಥವಾ ಜೀವನೋಪಾಯ ಕಳೆದುಕೊಂಡರೆಂದು ವಿಶ್ವಸಂಸ್ಥೆ ಅಂದಾಜಿಸಿತು. ಅದರ ಬೆನ್ನಿಗೇ ಮನೋವೈದ್ಯ ಡಿಕ್ಸನ್ ಚಿಬಾಂಡ ಹರಾರೆಯಲ್ಲಿ 14 ಅಜ್ಜಿಯರಿಗೆ ತರಬೇತಿ ಕೊಟ್ಟು, ಆರೋಗ್ಯ ಕೇಂದ್ರದ ಅಂಗಳದಲ್ಲಿ ಮರದ ಬೆಂಚಿನ ಮೇಲೆ ಕೂರಿಸಿದರು. ಖಿನ್ನತೆಗೆ ಅಜ್ಜಿಯರು ಅಲ್ಲಿನ ಶೋನಾ ಭಾಷೆಯಲ್ಲಿ "ಕುಫುಂಗಿಸಿಸಾ" ಎನ್ನುತ್ತಿದ್ದರು, ಅತಿಯಾಗಿ ಯೋಚಿಸುವುದು ಎಂದು ಅರ್ಥ. "ಸ್ನೇಹದ ಬೆಂಚು" ಎಂದು ಹೆಸರಾದ ಆ ಕ್ರಮ ಖಿನ್ನತೆಯನ್ನು ತಗ್ಗಿಸುತ್ತದೆ ಎಂಬುದು 2016ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಸಾಬೀತಾಯಿತು. ಊರಿನವರು ನಂಬುವ, ಗುಟ್ಟು ಕಾಯುವ ಹತ್ತು ಜನರನ್ನು ಹುಡುಕಿ, ತರಬೇತಿ ಕೊಡಿಸಿ, ವಾರಕ್ಕೊಮ್ಮೆ ಅವರ ಮಾತು ಕೇಳಲು ಒಬ್ಬ ತಜ್ಞರನ್ನು ಗೊತ್ತುಮಾಡಿ. ಈ ಕೊನೆಯದನ್ನು ಬಿಟ್ಟರೆ ಆ ಹತ್ತು ಜನರೂ ಕುಸಿಯುತ್ತಾರೆ.

ಹೆಜ್ಜೆ 7: ಹಣದ ವಿಷಯ ಮೊದಲೇ ಬಗೆಹರಿಸಿ

ಹಣ ಎಂದೊಡನೆ ಮುಜುಗರವಾಗುತ್ತದೆ, ಆದರೆ ದುಃಖದಲ್ಲಿ ಒಂದಾಗಿದ್ದ ಮನೆಗಳನ್ನು ಒಡೆಯುವುದು ಅನೇಕ ಸಲ ಇದೇ. ಮೊದಲ ವಾರದಲ್ಲೇ ಒಂದೇ ನಿಧಿ ತೆರೆಯಿರಿ, ಲೆಕ್ಕ ಬಹಿರಂಗವಾಗಿರಲಿ. ಯಾರಿಗೆ, ಎಷ್ಟು, ಯಾವ ಆಧಾರದ ಮೇಲೆ ಎಂಬ ಕರಡನ್ನು ನೊಂದವರ ಮುಂದಿಟ್ಟು ಅವರ ಮಾತು ಕೇಳಿದ ಮೇಲೆಯೇ ಅಂತಿಮಗೊಳಿಸಿ. ಬಾಸ್ಟನ್ನಿನಲ್ಲಿ 2013ರ ಸ್ಫೋಟದ ನಂತರ ನಿಧಿ ಹಂಚುವ ಹೊಣೆ ಹೊತ್ತ ಕೆನೆತ್ ಫೈನ್‌ಬರ್ಗ್ ಹಾಗೆಯೇ ಬಹಿರಂಗ ಸಭೆಗಳನ್ನು ನಡೆಸಿ, ಕೆಲವೇ ತಿಂಗಳಲ್ಲಿ ಹಣ ತಲುಪಿಸಿದರು. ಕಣ್ಣಿಗೆ ಕಾಣದ ಮಾನಸಿಕ ಗಾಯಕ್ಕೂ ಒಂದು ಪಾಲು ಬೇಕು, ಚಿಕಿತ್ಸೆಯ ಖರ್ಚು ವರ್ಷಗಟ್ಟಲೆ ಇರುತ್ತದೆ.

ವಸ್ತುಗಳ ಮಹಾಪೂರಕ್ಕೂ ತಯಾರಿರಿ. 2012ರ ಡಿಸೆಂಬರ್‌ನಲ್ಲಿ ಅಮೆರಿಕದ ನ್ಯೂಟೌನ್‌ನ ಶಾಲೆಯಲ್ಲಿ 20 ಮಕ್ಕಳು, 6 ಮಂದಿ ಸಿಬ್ಬಂದಿ ಹತ್ಯೆಯಾದ ನಂತರ ಆ ಪುಟ್ಟ ಊರಿಗೆ 60 ಸಾವಿರಕ್ಕೂ ಹೆಚ್ಚು ಟೆಡ್ಡಿ ಬೊಂಬೆಗಳು ಬಂದವು. ಪ್ರೀತಿಯಿಂದಲೇ ಬಂದವು, ಆದರೆ ಇಡಲು ಗೋದಾಮು ಹುಡುಕುವ ಕೆಲಸ ನೊಂದ ಊರಿನ ಹೆಗಲಿಗೇ ಬಿತ್ತು. ಏನು ಬೇಕು, ಏನು ಬೇಡ ಎಂದು ಮೊದಲ ದಿನವೇ ಪ್ರಕಟಿಸಿ.

ಹೆಜ್ಜೆ 8: ಹೊಡೆದವರು ನೆರೆಮನೆಯವರೇ ಆಗಿದ್ದಾಗ

ಹೊರಗಿನವನೊಬ್ಬ ಬಂದು ಕೊಂದು ಹೋದರೆ ಊರು ಒಂದಾಗಬಲ್ಲದು. ಗುಂಪು ಗಲಭೆಯಲ್ಲಿ ಬೆಂಕಿ ಹಚ್ಚಿದವನ ಅಂಗಡಿಯ ಮುಂದೆಯೇ ದಿನವೂ ಹಾದುಹೋಗಬೇಕು. ಇಲ್ಲಿ ಬಹಳಷ್ಟು ಜನ ಎಡವುವುದು ರಾಜಿಯ ಆತುರದಲ್ಲಿ. ಎರಡೂ ಕಡೆಯ ಮುಖಂಡರನ್ನು ಒಂದೇ ವೇದಿಕೆಗೆ ತಂದು, ಕೈ ಕುಲುಕಿಸಿ, ಫೋಟೊ ತೆಗೆಸಿದರೆ ನೊಂದವರಿಗೆ ಕೇಳಿಸುವುದು "ನಿನ್ನ ದೂರನ್ನು ಹಿಂತೆಗೆದುಕೋ" ಎಂದಷ್ಟೇ. ಕ್ಷಮಿಸುವುದು, ಕ್ಷಮಿಸದಿರುವುದು ಅವರ ಹಕ್ಕು. ಅದಕ್ಕೆ ಗಡುವು ಹಾಕುವ ಅಧಿಕಾರ ನಿಮಗಿಲ್ಲ.

ನನ್ನ ಪ್ರಕಾರ ಕ್ರಮ ಹೀಗಿರಬೇಕು. ಮೊದಲು ಭದ್ರತೆ, ಮನೆ, ದುಡಿಮೆ. ಜೊತೆಗೇ ದೂರು ದಾಖಲಿಸಲು, ಪರಿಹಾರದ ಅರ್ಜಿ ಬರೆಯಲು, ಸುಟ್ಟುಹೋದ ದಾಖಲೆಗಳನ್ನು ಮತ್ತೆ ಪಡೆಯಲು ಕಾನೂನು ನೆರವು. ಅದಾದ ಮೇಲೆ ಎರಡೂ ಕಡೆಯವರಿಗೆ ಸಮಾನವಾಗಿ ಬೇಕಾದ ಚಿಕ್ಕ ಕೆಲಸ: ನೀರಿನ ನಲ್ಲಿ, ಬೀದಿ ದೀಪ, ಶಾಲೆಯ ಕಾಂಪೌಂಡು. ಶಾಂತಿಯ ಬಗ್ಗೆ ಭಾಷಣ ಮಾಡುವುದಕ್ಕಿಂತ ಒಟ್ಟಿಗೆ ನಲ್ಲಿ ರಿಪೇರಿ ಮಾಡಿಸುವುದು ಮೇಲು. ಮಹಾರಾಷ್ಟ್ರದ ಭಿವಂಡಿಯಲ್ಲಿ 1984ರ ಗಲಭೆಯ ಕೆಲವು ವರ್ಷಗಳ ನಂತರ ಪೊಲೀಸ್ ಅಧಿಕಾರಿ ಸುರೇಶ್ ಖೋಪಡೆ ಹಿಂದೂ, ಮುಸ್ಲಿಂ ನಿವಾಸಿಗಳಿಬ್ಬರೂ ಇರುವ ಮೊಹಲ್ಲಾ ಸಮಿತಿಗಳನ್ನು ಕಟ್ಟಿದರು. 1992-93ರಲ್ಲಿ ಹತ್ತಿರದ ಮುಂಬೈ ಹೊತ್ತಿ ಉರಿದಾಗ ಭಿವಂಡಿ ಶಾಂತವಾಗಿತ್ತು. ಸದಸ್ಯರು ಅದಕ್ಕೆ ಮೊದಲೇ ಒಬ್ಬರನ್ನೊಬ್ಬರು ಹೆಸರು ಹಿಡಿದು ಕರೆಯುವಷ್ಟು ಬಲ್ಲವರಾಗಿದ್ದರು.

ಸಾಕ್ಷಿ ಹೇಳುವವರ ಬೆನ್ನಿಗೆ ನಿಲ್ಲುವುದು ಬೇರೆಯೇ ಕೆಲಸ. 1994ರ ನರಮೇಧದ ನಂತರ ರುವಾಂಡದ ಗಚಾಚಾ ಎಂಬ ಊರ ನ್ಯಾಯಾಲಯಗಳು 2012ರಲ್ಲಿ ಮುಚ್ಚುವಷ್ಟರಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಪ್ರಕರಣಗಳನ್ನು ಕೇಳಿದ್ದವು. ಅಲ್ಲಿ ಸಾಕ್ಷಿ ನುಡಿದವರಲ್ಲಿ, ನುಡಿಯದವರಿಗಿಂತ ಹೆಚ್ಚು ಖಿನ್ನತೆ ಮತ್ತು ಆಘಾತದ ಲಕ್ಷಣಗಳಿದ್ದವು ಎಂದು 2010ರ ಅಧ್ಯಯನವೊಂದು ತೋರಿಸಿತು. ಸತ್ಯ ಹೊರಬರಲೇಬೇಕು. ಹೇಳುವವರು ಹಿಂದಿನ ರಾತ್ರಿ, ಅಂದು, ಮರುದಿನ ಒಂಟಿಯಾಗಿರದಂತೆ ನೋಡಿಕೊಳ್ಳಿ. ಮನೆಗೆ ಮರಳುವಾಗ ಜೊತೆಗಿರಿ.

ಹೆಜ್ಜೆ 9: ಆ ಜಾಗ, ಆ ದಿನ

ಘಟನೆ ನಡೆದ ಜಾಗವನ್ನು ಕೆಡವಬೇಕೆ, ಉಳಿಸಬೇಕೆ? ಸಿದ್ಧ ಉತ್ತರವಿಲ್ಲ. ನ್ಯೂಟೌನ್‌ನಲ್ಲಿ ಹಳೆಯ ಶಾಲೆಯನ್ನು ಕೆಡವಿ ಹೊಸದನ್ನು ಕಟ್ಟಿದರು, ಊರಿನ ಸ್ಮಾರಕ ತೆರೆದದ್ದು ಹತ್ತು ವರ್ಷಗಳ ನಂತರ, 2022ರಲ್ಲಿ. ನಾರ್ವೆಯಲ್ಲಿ ಉಟೋಯಾದ ಎದುರಿನ ಭೂಶಿರವನ್ನೇ ಸೀಳಿ ಸ್ಮಾರಕ ಮಾಡುವ ಯೋಜನೆಗೆ ಅಂದು ದೋಣಿಗಳಲ್ಲಿ ಹೋಗಿ ಮಕ್ಕಳನ್ನು ನೀರಿನಿಂದ ಎತ್ತಿದ ಊರಿನ ಅನೇಕರೇ ಅಡ್ಡ ನಿಂತರು. ಆ ಸೀಳನ್ನು ದಿನವೂ ನೋಡಿಕೊಂಡು ಬದುಕಬೇಕಾದವರು ಅವರು. 2017ರಲ್ಲಿ ಯೋಜನೆ ಕೈಬಿಟ್ಟಿತು ಸರ್ಕಾರ. ದ್ವೀಪದ ಮೇಲೆಯೇ ಹಳೆಯ ಕೆಫೆಯ ಒಂದು ಭಾಗವನ್ನು ಉಳಿಸಿ, ಸುತ್ತ ದ್ವೀಪದಲ್ಲಿ ಸತ್ತವರ ಲೆಕ್ಕಕ್ಕೆ 69 ಕಂಬಗಳನ್ನು ನಿಲ್ಲಿಸಿ ಕಟ್ಟಡವೊಂದನ್ನು ಕಟ್ಟಲಾಗಿದೆ, ಈಗ ಅಲ್ಲಿ ಎಳೆಯರು ಪ್ರಜಾಪ್ರಭುತ್ವದ ಪಾಠ ಕಲಿಯುತ್ತಾರೆ. ಸ್ಮಾರಕಕ್ಕೆ ಆತುರಪಡಬೇಡಿ. ಸತ್ತವರ ಮನೆಯವರು, ಬದುಕುಳಿದವರು, ಪಕ್ಕದಲ್ಲೇ ವಾಸಿಸುವವರು, ಈ ಮೂವರ ಮಾತೂ ಬೇರೆಬೇರೆ ಇರುತ್ತದೆ ಎಂದು ತಿಳಿದೇ ಹೊರಡಿ.

ಜಾಗಕ್ಕೆ ಮತ್ತೆ ಹೋಗಿ ನೋಡಬೇಕು ಎನ್ನುವವರಿಗೆ ದಾರಿ ಮಾಡಿಕೊಡಿ. ಉಟೋಯಾಕ್ಕೆ ಸುಮಾರು ನಾಲ್ಕು ವಾರಗಳ ನಂತರ ಮೊದಲ ದಿನ ಸತ್ತವರ ಮನೆಯವರನ್ನು, ಮರುದಿನ ಬದುಕುಳಿದವರನ್ನು ಪೊಲೀಸರು, ವೈದ್ಯರ ಜೊತೆಯಲ್ಲಿ ಕರೆದೊಯ್ದರು. ಹೋಗುವುದು ಬಿಡುವುದು ಅವರವರ ಇಷ್ಟ.

ವರ್ಷ ತುಂಬುವ ದಿನದ ಹಿಂದಿನ ಎರಡು ಮೂರು ವಾರಗಳಿಂದಲೇ ನಿದ್ದೆ ಕೆಡುವುದು, ಸಿಡುಕು ಶುರುವಾಗಬಹುದು. ಮುಂಚೆಯೇ ತಿಳಿಸಿ. ಕಾರ್ಯಕ್ರಮ ಚಿಕ್ಕದಾಗಿರಲಿ, ಹೆಸರುಗಳನ್ನು ಓದಲಿ, ರಾಜಕಾರಣಿಗಳ ಭಾಷಣ ಬೇಡ, ಎದ್ದು ಹೋಗಬೇಕೆನಿಸಿದವರಿಗೆ ಹತ್ತಿರದಲ್ಲೇ ಬಾಗಿಲಿರಲಿ. ವಿಚಾರಣೆ ಶುರುವಾಗುವ ದಿನ, ತೀರ್ಪಿನ ದಿನ, ಬೇರೆಲ್ಲೋ ಇಂಥದ್ದೇ ಘಟನೆ ನಡೆದ ದಿನ, ಇವನ್ನೂ ಕ್ಯಾಲೆಂಡರಿನಲ್ಲಿ ಗುರುತಿಸಿಕೊಂಡು ಫೋನು ಮಾಡಿ.

ಹೆಜ್ಜೆ 10: ನೆರವಿನ ವೇಳಾಪಟ್ಟಿ ತಿರುವುಮುರುವು ಮಾಡಿ

ಮೊದಲ ಎರಡು ವಾರ ಎಲ್ಲರೂ ಬರುತ್ತಾರೆ. ಆರನೇ ತಿಂಗಳಿಗೆ ಯಾರೂ ಇರುವುದಿಲ್ಲ, ಆದರೆ ಆಗಲೇ ಮರಗಟ್ಟಿದ್ದ ಮನಸ್ಸು ಕರಗಿ ನಿಜವಾದ ನೋವು ಶುರುವಾಗುತ್ತದೆ. ಆದ್ದರಿಂದ ಸ್ವಯಂಸೇವಕರನ್ನು ಈಗಲೇ ಮೂರು ತಂಡ ಮಾಡಿ. ಒಂದು ತಂಡ ಈಗ. ಇನ್ನೊಂದನ್ನು ಆರನೇ ತಿಂಗಳಿಗೆ, ಮತ್ತೊಂದನ್ನು ಎರಡನೇ ವರ್ಷಕ್ಕೆ ಎಂದು ಬಲವಂತವಾಗಿಯಾದರೂ ಮನೆಗೆ ಕಳುಹಿಸಿ. ನಿಧಿಯಲ್ಲೂ ಹಾಗೆಯೇ ಒಂದು ಪಾಲು ಎತ್ತಿಡಿ.

ದುಡಿಯುವವರ ಮೇಲೆ ಕಣ್ಣಿಡಿ. ಸತತ ಹನ್ನೆರಡು ಗಂಟೆಗಿಂತ ಹೆಚ್ಚು ಯಾರೂ ಇರಬಾರದು, ಇಬ್ಬಿಬ್ಬರಾಗಿಯೇ ಹೋಗಬೇಕು, ದಿನದ ಕೊನೆಗೆ ಹತ್ತು ನಿಮಿಷ ಕೂತು "ಇಂದು ಭಾರವಾದದ್ದು ಯಾವುದು?" ಎಂದು ಕೇಳಿಕೊಳ್ಳಬೇಕು, ಹೇಳಲು ಇಷ್ಟವಿಲ್ಲದವರು ಸುಮ್ಮನೆ ಕೂರಬಹುದು. ಊರಿನವರೇ ಆದ ಸ್ವಯಂಸೇವಕರು ತಮ್ಮ ಮನೆಯ ಸಾವನ್ನು ಬದಿಗಿಟ್ಟು ಬೇರೆಯವರಿಗೆ ಓಡಾಡುತ್ತಿರುತ್ತಾರೆ. ಆ ಓಡಾಟವೇ ಅವರನ್ನು ಎತ್ತಿ ಹಿಡಿದಿರುತ್ತದೆ, ಆದ್ದರಿಂದ ತಡೆಯಬೇಡಿ. ಓಡಾಟ ನಿಂತ ದಿನ ಅವರ ಮನೆಗೆ ಯಾರು ಹೋಗಬೇಕು ಎಂಬುದನ್ನು ಮಾತ್ರ ಇಂದೇ ಬರೆದಿಟ್ಟುಕೊಳ್ಳಿ.

ಎರಡನೇ ವರ್ಷದ ಹೊತ್ತಿಗೆ ನಿಮ್ಮ ಸಮಿತಿಯ ಕುರ್ಚಿಗಳಲ್ಲಿ ಬದುಕುಳಿದವರು, ಸತ್ತವರ ಮನೆಯವರು ಕೂತಿರಬೇಕು. ಮೊದಲ ದಿನ ಬರೆದ ಆ ವೃತ್ತಗಳ ಹಾಳೆಯನ್ನು ಅವರ ಕೈಗೆ ಕೊಡಿ. ಯಾರ ಹೆಸರು ಬಿಟ್ಟುಹೋಗಿದೆ ಎಂದು ಅವರೇ ಹೇಳುತ್ತಾರೆ.